ಮಳೆಯ ನಾಡಿಗೆ ಬರ ಬಂದುದೇಕೆ?

(ಮಳೆಗಾಲಕ್ಕೆ ಮುನ್ನ ನಡೆದ ಜಲಜಾಗೃತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಬರಗಾಲವೆಂಬುದು ಬಯಲುಸೀಮೆಯ ಕಷ್ಟ, ಮಲೆನಾಡಿಗರಿಗೆ ಅತಿವೃಷ್ಟಿಯದೇ ಚಿಂತೆ ಎಂದು ನಮ್ಮ ಹಿರಿಯರು ನಂಬಿದ್ದರು. ಆ ನಂಬಿಕೆಗೆ ಆಧಾರವೂ ಇತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಚಳ್ಳಕೆರೆಯಲ್ಲಿ ಸುರಿಯುವುದು 500 ಮಿಲಿಮೀಟರಿನ ಆಸುಪಾಸು ಮಾತ್ರ. ಆದರೆ 2023ರಲ್ಲಿ ರಾಜ್ಯ ಸರ್ಕಾರವು 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗ, ಮಲೆನಾಡಿನ ಅನೇಕ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ಸಾವಿರಾರು ಮಿಲಿಮೀಟರ್ ಮಳೆ ಕಾಣುವ ನೆಲದಲ್ಲಿ ಶಿವರಾತ್ರಿ ಕಳೆಯುವುದರೊಳಗೆ ಬಾವಿಯ ತಳ ಕಾಣುವುದೇಕೆ? ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮೊದಲ ಕಾರಣ ಆಕಾಶದಲ್ಲಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಉರಿಸಿ ನಾವು ವಾತಾವರಣಕ್ಕೆ ತುಂಬಿದ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಬಿಸಿಯಾಗಿಸಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲುದು. ಇದರ ಪರಿಣಾಮ ಎರಡು ಬಗೆಯದು. ಮಳೆ ಸುರಿಯುವಾಗ ಒಮ್ಮೆಲೇ ಭೋರ್ಗರೆಯುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಅದೇ ಗಾಳಿ ಮಣ್ಣಿನಿಂದ, ಕೆರೆಯಿಂದ, ಎಲೆಯಿಂದ ಮೊದಲಿಗಿಂತ ಹೆಚ್ಚು ತೇವವನ್ನು ಹೀರುತ್ತದೆ. ನೆರೆಯೂ ಬರವೂ ಒಂದೇ ಕಾರಣದಿಂದ ಹುಟ್ಟಬಲ್ಲವು. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ವರ್ಷಗಳಿಗೊಮ್ಮೆ ಬರುತ್ತಿದ್ದಂಥ ಕೃಷಿ ಬರಗಾಲವು, ಒಣಗುತ್ತಿರುವ ಪ್ರದೇಶಗಳಲ್ಲಿ ಈಗ 1.7 ಪಟ್ಟು ಹೆಚ್ಚು ಬಾರಿ ಬರುವ ಸಂಭವವಿದೆಯೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯು 2021ರ ವರದಿಯಲ್ಲಿ ಹೇಳಿದೆ. ಜಗತ್ತಿನ ಉಷ್ಣತೆ 2 ಡಿಗ್ರಿ ಏರಿದರೆ ಅದು 2.4 ಪಟ್ಟಾಗುತ್ತದೆ.

ಮುಂಗಾರಿನ ನಡೆಯೂ ಬದಲಾಗಿದೆ. 1951ರಿಂದ 2000ದವರೆಗಿನ ದಾಖಲೆಗಳನ್ನು ಪರಿಶೀಲಿಸಿ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಮಧ್ಯಭಾರತದಲ್ಲಿ ಅತಿ ಭಾರಿ ಮಳೆಗಳು ಹೆಚ್ಚಿ, ಸಾಧಾರಣ ಮಳೆಗಳು ಕಡಿಮೆಯಾಗಿರುವುದನ್ನು ತೋರಿಸಿತು. ಹಿಂದೂ ಮಹಾಸಾಗರವು ತ್ವರಿತವಾಗಿ ಬಿಸಿಯಾಗುತ್ತಿರುವುದರಿಂದ ನೆಲ ಮತ್ತು ಕಡಲಿನ ಉಷ್ಣತೆಯ ಅಂತರ ಕುಗ್ಗಿ ಮುಂಗಾರು ದುರ್ಬಲಗೊಂಡಿದೆಯೆಂದು ಪುಣೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಇವುಗಳ ಮೇಲೆ ಎಲ್ ನಿನೊ ಬಂದೆರಗಿದಾಗ ಏನಾಗುತ್ತದೆಂಬುದನ್ನು 2023ರಲ್ಲಿ ಕಂಡೆವು. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಕಂಡ ಆಗಸ್ಟ್ ಆಗಿತ್ತು.

ಆದರೆ ಎಲ್ಲ ತಪ್ಪನ್ನೂ ಆಕಾಶದ ಮೇಲೆ ಹೊರಿಸಿ ನಾವು ನಿರಾಳವಾಗುವಂತಿಲ್ಲ. ಎರಡನೆಯ ಕಾರಣ ನಮ್ಮ ಕಾಲ ಕೆಳಗಿದೆ. ಆರಿದ್ರೆ, ಪುನರ್ವಸುಗಳ ಜಿಟಿಜಿಟಿ ಮಳೆ ತರಗೆಲೆಯ ಹಾಸಿನ ಮೇಲೆ ಬಿದ್ದು, ಬೇರಿನ ಜಾಡು ಹಿಡಿದು ನೆಲಕ್ಕಿಳಿದು, ಬೇಸಗೆಯಲ್ಲಿ ಒರತೆಯಾಗಿ ಮೇಲೇಳುತ್ತಿತ್ತು. ಕಾಡು ಕಡಿದು ಗಟ್ಟಿಯಾದ ನೆಲದ ಮೇಲೆ, ಅದರಲ್ಲೂ ಒಂದೆರಡು ದಿನಗಳಲ್ಲೇ ಸುರಿದು ಹೋಗುವ ಮಳೆ, ಇಂಗುವ ಮೊದಲೇ ಮಣ್ಣನ್ನೂ ಹೊತ್ತು ಹಳ್ಳ ಸೇರುತ್ತದೆ. ಉತ್ತರ ಕನ್ನಡದಲ್ಲಿ ಬೆಳಗಾವಿಯ ಜಲವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ನಡೆಸಿದ ಅಳತೆಗಳಲ್ಲಿ, ಹದಗೆಟ್ಟ ನೆಲಕ್ಕಿಂತ ಸಹಜ ಅರಣ್ಯದ ಮಣ್ಣು ನೀರನ್ನು ಹೆಚ್ಚು ಸಲೀಸಾಗಿ ಇಂಗಿಸುವುದು ಕಂಡುಬಂದಿದೆ. ಜಲಾನಯನದ ಬಹುಭಾಗದಲ್ಲಿ ಸ್ಥಳೀಯ ಜಾತಿಯ ಮರಗಳಿರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಏಕಜಾತಿ ನೆಡುತೋಪುಗಳಿರುವ ಕಡೆ ಬೇಗ ಬತ್ತುತ್ತವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ದಾಖಲಿಸಿದೆ. ಇದೇ ತಂಡದ ಲೆಕ್ಕದಂತೆ 1973ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸುಮಾರು ಶೇಕಡಾ 67ರಷ್ಟಿದ್ದ ನಿತ್ಯಹರಿದ್ವರ್ಣ ಕಾಡು 2013ರ ಹೊತ್ತಿಗೆ ಸುಮಾರು ಶೇಕಡಾ 32ಕ್ಕೆ ಇಳಿದಿತ್ತು.

ಈ ಹಾನಿ ನಮ್ಮೊಬ್ಬರದೇ ಅಲ್ಲ. ಘಟ್ಟದ ಕಾಡು ಉಸಿರಾಡಿ ಬಿಟ್ಟ ತೇವವು ಗಾಳಿಯೊಡನೆ ಪೂರ್ವಕ್ಕೆ ಸಾಗಿ, ಮುಂಗಾರಿನ ದಿನಗಳಲ್ಲಿ ತಮಿಳುನಾಡಿನ ಮಳೆಗೂ ಗಣನೀಯ ಪಾಲನ್ನು ಕೊಡುತ್ತದೆಂದು ಮುಂಬಯಿಯ ಐ.ಐ.ಟಿ. ವಿಜ್ಞಾನಿಗಳು 2018ರಲ್ಲಿ ತಿಳಿಸಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಆ ಜನರು ನಮ್ಮವರೇ. ಆದರೆ ಅವರ ದಾಹ ತಣಿಸಲೆಂದು ಘಟ್ಟದ ಕಾಡು ಸೀಳಿ, 24.01 ಟಿಎಂಸಿ ಅಡಿ ನೀರಿನ ಲೆಕ್ಕ ಹಾಕಿಕೊಂಡು ಎತ್ತಿನಹೊಳೆಯಂಥ ಯೋಜನೆ ರೂಪಿಸುವಾಗ, ಮಲೆನಾಡಿನಲ್ಲಿ ಹೆಚ್ಚುವರಿ ನೀರು ಎಂದೆಂದಿಗೂ ಇರುತ್ತದೆಂಬ ಭಾವನೆ ಅದರ ಬುಡದಲ್ಲಿದೆ. ನೀರು ಕೊಡುವ ಕಾಡನ್ನೇ ಕಡಿದು ನೀರು ಒಯ್ಯುವುದು ಯಾವ ನ್ಯಾಯ? ಮಳೆಯ ಲೆಕ್ಕವೇ ಬದಲಾಗುತ್ತಿರುವಾಗ ಹಳೆಯ ಲೆಕ್ಕವನ್ನು ನಂಬಿ ಕಾಲುವೆ ತೋಡುವುದು ಯಾವ ವಿವೇಕ?

ಹಾಗೆಂದು ನಾವೂ ನಿರ್ದೋಷಿಗಳಲ್ಲ. ಸೊಪ್ಪಿನ ಬೆಟ್ಟವನ್ನು ಬೋಳಿಸಿದವರು, ಕಾನಿನ ಅಂಚನ್ನು ತೋಟಕ್ಕೆ ಸೇರಿಸಿಕೊಂಡವರು, ಒರತೆ ಬತ್ತಿತೆಂದು ಅದರ ಮಗ್ಗುಲಲ್ಲೇ ಕೊಳವೆಬಾವಿ ಕೊರೆಸಿದವರು ನಮ್ಮ ನಡುವೆಯೇ ಇದ್ದೇವೆ. ಕೊಳವೆಬಾವಿಯು ನೀರನ್ನು ಹುಟ್ಟಿಸುವುದಿಲ್ಲ. ಬಂಡೆಯ ಬಿರುಕಿನಲ್ಲಿ ಅಡಗಿದ್ದ ಹಳೆಯ ನೀರನ್ನು ಬೇಗ ಮುಗಿಸುತ್ತದೆ, ಅಷ್ಟೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಈ ವರ್ಷ ಪ್ರತಿಯೊಂದು ಗ್ರಾಮದಲ್ಲೂ ಅಬ್ಬಿ, ಒರತೆ, ಹಳ್ಳಗಳ ಪಟ್ಟಿಯೊಂದು ಸಿದ್ಧವಾಗಲಿ. ಯಾವುದು ಯಾವ ತಿಂಗಳವರೆಗೆ ಹರಿಯಿತು, ಹಿಂದೆ ಎಲ್ಲಿಯವರೆಗೆ ಹರಿಯುತ್ತಿತ್ತು ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡೋಣ. ಪ್ರತಿ ಒರತೆಯ ಮೇಲ್ಭಾಗದ ಇಳಿಜಾರನ್ನು ಬೆಂಕಿ, ಕೊಡಲಿ, ಜೆಸಿಬಿಗಳಿಂದ ಕಾಪಾಡುವ ನಿರ್ಣಯವನ್ನು ಗ್ರಾಮಸಭೆಯಲ್ಲಿ ಅಂಗೀಕರಿಸೋಣ. ಅಲ್ಲಿ ಅಕೇಶಿಯಾ ಬೇಡ. ಕಾಡು ತಾನಾಗಿ ಚಿಗುರಲು ಬಿಟ್ಟರೂ ಸಾಕು.

ಇದರಿಂದ ಜಗತ್ತಿನ ತಾಪ ಇಳಿಯದು. ಅದಕ್ಕೆ ಇಂಧನದ ಉರಿ ಎಲ್ಲೆಡೆಯೂ ತಗ್ಗಬೇಕು, ಹೆಚ್ಚು ಉರಿಸಿದವರು ಮೊದಲು ತಗ್ಗಿಸಬೇಕು. ಮಳೆ ಯಾವಾಗ ಬರಬೇಕೆಂದು ನಿರ್ಧರಿಸುವ ಶಕ್ತಿಯೂ ನಮಗಿಲ್ಲ. ಬಂದ ಮಳೆ ನಮ್ಮ ನೆಲದಲ್ಲಿ ಎಷ್ಟು ದಿನ ತಂಗಬೇಕೆಂಬುದು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಕೈಯಲ್ಲಿರುವಷ್ಟನ್ನು ಈ ಮಳೆಗಾಲದಲ್ಲೇ ಆರಂಭಿಸೋಣ.