ಕೈಕೊಡುವ ಮೊಳಕಾಲು

ನಂಬಿಸಿ ನಡುನೀರಿನಲ್ಲಿ ಬಿಡುವವರನ್ನು ಕುರಿತು ನಾವು 'ಕೈಕೊಟ್ಟರು' ಎನ್ನುತ್ತೇವೆ. ಕಾಲೂ ಕೈಕೊಡುವುದುಂಟೆಂದರೆ ವೈಯಾಕರಣರು ನಕ್ಕಾರು. ಕಬಡ್ಡಿ ಆಡುವ ಹುಡುಗರು ನಗಲಾರರು. ಹಿಡಿತದಿಂದ ತಪ್ಪಿಸಿಕೊಳ್ಳಲು ಗಕ್ಕನೆ ತಿರುಗಿದಾಗ, ಪಾದ ನೆಲದಲ್ಲಿ ಊರಿದ್ದಂತೆಯೇ ಮೈಮಾತ್ರ ಹೊರಳಿದರೆ, ಮಂಡಿಯೊಳಗೆ 'ಪಟ್' ಎಂದು ಏನೋ ಕಡಿದಂತಾಗುತ್ತದೆ. ಕೆಲವೇ ಗಂಟೆಗಳಲ್ಲಿ ಬಾವು ಬರುತ್ತದೆ.

ಸೊಂಟದ ಕೀಲಿನಲ್ಲಿ ಗುಂಡು ಗುಳಿಯೊಳಗೆ ಭದ್ರವಾಗಿ ಕುಳಿತಿದೆ. ಮೊಳಕಾಲಿಗೆ ಆ ಭಾಗ್ಯವಿಲ್ಲ. ತೊಡೆಯ ಮೂಳೆಯ ದುಂಡನೆಯ ತುದಿ ಕೆಳಗಾಲಿನ ಮೂಳೆಯ ಚಪ್ಪಟೆ ತಲೆಯ ಮೇಲೆ, ಮಣೆಯ ಮೇಲೆ ಗುಂಡನ್ನಿಟ್ಟಂತೆ, ನಿಂತಿದೆ. ಅದು ಉರುಳಿಹೋಗದಂತೆ ಬಿಗಿದಿರುವವು ಮುಖ್ಯವಾಗಿ ನಾಲ್ಕು ಅಸ್ಥಿರಜ್ಜುಗಳು: ಎರಡು ಪಕ್ಕಗಳಲ್ಲಿ, ಎರಡು ಕೀಲಿನ ಒಳಗೆ ಕತ್ತರಿಯಂತೆ ಒಂದನ್ನೊಂದು ಹಾಯ್ದು. ಒಳಗಿನವುಗಳಲ್ಲಿ ಮುಂದಿನದು ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಗದಂತೆ ತಡೆಯುತ್ತದೆ. ವೈದ್ಯರು ಎ.ಸಿ.ಎಲ್. ಎನ್ನುವುದು ಇದನ್ನೇ.

ಮೋಸವಿರುವುದು ಮುಂದೆ. ಕೆಲವು ವಾರಗಳಲ್ಲಿ ಬಾವು ಇಳಿಯುತ್ತದೆ, ಹುಡುಗ ನೇರವಾಗಿ ನಡೆಯುತ್ತಾನೆ, ಮನೆಯವರು ವಾಸಿಯಾಯಿತೆಂದು ನೆಮ್ಮದಿಗೊಳ್ಳುತ್ತಾರೆ. ಅಂಕಣಕ್ಕೆ ಇಳಿದು ತಿರುಗಿದನೋ, ಕಾಲು ಕುಸಿಯಿತು! ಹೀಗೆ ಕುಸಿದಾಗಲೆಲ್ಲ ಮೂಳೆಗಳ ನಡುವಣ ಅರ್ಧಚಂದ್ರಾಕೃತಿಯ ಮೆತ್ತೆ ನಲುಗಿ ಹರಿಯುವ ಭಯವುಂಟು. ಅದು ಹಾಳಾದರೆ ನಡುಹರೆಯದಲ್ಲೇ ಸಂಧಿವಾತ ಬಂದೀತು. ಎಣ್ಣೆ ನೀವಿ ಕಾಲನ್ನು ಎಳೆಯಿಸುವುದು, 'ಎಕ್ಸ್‌ರೇ ಸರಿಯಿದೆ' ಎಂದು ಸುಮ್ಮನಿರುವುದು, ಎರಡೂ ಸಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಜ್ಜು ಕಾಣುವುದಿಲ್ಲ. ಬಲ್ಲ ವೈದ್ಯರು ಮಂಡಿಯನ್ನು ತುಸುವೇ ಮಡಿಸಿ, ಕೆಳಗಾಲನ್ನು ಮುಂದಕ್ಕೆ ಸೆಳೆದು ನೋಡಿಯೇ ಬಹಳಷ್ಟನ್ನು ತಿಳಿಯುತ್ತಾರೆ. 1976ರಲ್ಲಿ ಅಮೆರಿಕದ ಜೋಸೆಫ್ ಟಾರ್ಗ್ ಪ್ರಕಟಿಸಿದ ಈ ಪರೀಕ್ಷೆಗೆ ಅವರ ಗುರು ಲ್ಯಾಕ್‌ಮನ್ ಅವರ ಹೆಸರಿದೆ. ಗುರುವಿನ ಹೆಸರನ್ನು ಉಳಿಸಿದ ಶಿಷ್ಯ! ಎಂ.ಆರ್.ಐ. ಚಿತ್ರ ಸಂದೇಹವನ್ನು ತೀರಿಸುತ್ತದೆ.

ಹಾಗಾದರೆ ಶಸ್ತ್ರಚಿಕಿತ್ಸೆಯೇ ಗತಿಯೆ? ಎಲ್ಲರಿಗೂ ಅಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗದಲ್ಲಿ, ಮೊದಲು ವ್ಯಾಯಾಮವನ್ನೇ ಕೈಗೊಂಡ 59 ಯುವಜನರಲ್ಲಿ ಎರಡು ವರ್ಷಗಳೊಳಗೆ ಶಸ್ತ್ರಚಿಕಿತ್ಸೆ ಬೇಕೆನಿಸಿದ್ದು 23 ಮಂದಿಗೆ ಮಾತ್ರ. ತೊಡೆಯ ಮುಂದಿನ ಹಾಗೂ ಹಿಂದಿನ ಸ್ನಾಯುಗಳು ಬಲಿತರೆ ರಜ್ಜುವಿನ ಕೆಲಸದ ಒಂದಂಶವನ್ನು ಅವು ಹೊರುತ್ತವೆ. ಮುದುಕರ ಕಾಲು ಮೆಟ್ಟಿಲಿಳಿಯುವಾಗ ಕುಸಿಯುವುದಕ್ಕೆ ಅನೇಕ ವೇಳೆ ಈ ಸ್ನಾಯುಗಳ ಸೊರಗುವಿಕೆಯೇ ಕಾರಣ. ಅವರಿಗೂ ಔಷಧಿಯ ಸೀಸೆಗಿಂತ ವ್ಯಾಯಾಮವೇ ಮೇಲು.

ವ್ಯಾಯಾಮದಿಂದಲೂ ಕುಸಿತ ನಿಲ್ಲದಿದ್ದರೆ, ಮಂಡಿ ಮಡಿಸಲೂ ನೀಡಲೂ ಆಗದಂತೆ ಸಿಕ್ಕಿಕೊಂಡರೆ, ತಡಮಾಡದೆ ಮೂಳೆತಜ್ಞರನ್ನು ಕಾಣಬೇಕು. ರೋಗಿಯದೇ ಸ್ನಾಯುಬಂಧವೊಂದನ್ನು ತೆಗೆದು ಕಡಿದ ರಜ್ಜುವಿನ ಸ್ಥಾನದಲ್ಲಿ ನೆಡುತ್ತಾರೆ. ನೆಟ್ಟ ಸಸಿ ಬೇರೂರಲು ಕಾಲ ಬೇಕಷ್ಟೆ? ಒಂಬತ್ತು ತಿಂಗಳಿಗೆ ಮೊದಲು ಆಟಕ್ಕೆ ಇಳಿದವರಲ್ಲಿ ಮತ್ತೆ ಹರಿಯುವ ಅಪಾಯ ಹೆಚ್ಚು. ತಾಲ್ಲೂಕು ಪಂದ್ಯ ಎಂಟನೆಯ ತಿಂಗಳಲ್ಲಿ ಬಂದರೆ, ಆ ವರ್ಷ ಬೇರೊಬ್ಬ ಹುಡುಗ ಆಡಲಿ.