ಮಾವ ಯಾರಿಗೆ ಓಟ್ ಹಾಕಿದ್ರು?

ನಮ್ಮ ಸೋದರಮಾವನಿಗೆ ಕಣ್ಣು ಕಾಣಲ್ಲ. 2024ರ ಲೋಕಸಭಾ ಚುನಾವಣೇಲಿ ಮತಗಟ್ಟೆಗೆ ಕರ್ಕೊಂಡು ಹೋಗಿದ್ದೆ. ಸಿಬ್ಬಂದಿಯೊಬ್ಬರು ನನ್ನ ನೋಡಿ, "ನೀವೇ ಒತ್ತಿಬಿಡಿ" ಅಂದ್ರು.

ನಿಯಮ 49ಎನ್ ಪ್ರಕಾರ ಸಹಾಯಕರು ಜೊತೆಗೆ ಹೋಗಬಹುದು, ನಿಜ. ಆದ್ರೆ ಅದು ಬೇಕಾದವರಿಗೆ, ಕಡ್ಡಾಯ ಅಲ್ಲ. ಮಾವ ಕೇಳಿದ್ದು ಬ್ರೈಲ್ ಮಾದರಿ ಮತಪತ್ರ. ಹುಡುಕಿ ಕೊಟ್ರು. ಅಭ್ಯರ್ಥಿಗಳ ಹೆಸರು, ಕ್ರಮಸಂಖ್ಯೆ ಬೆರಳಲ್ಲೇ ಓದಿಕೊಂಡು ಒಳಗೆ ಹೋದ್ರು. ಇವಿಎಂನಲ್ಲಿ ಬಟನ್ ಪಕ್ಕದ ಬ್ರೈಲ್ ಅಂಕಿ ಸವರಿ ತಾವೇ ಒತ್ತಿದ್ರು. ಬೀಪ್ ಬಂತು. ನಾನು ದೂರ ನಿಂತಿದ್ದೆ. ಯಾರಿಗೆ ಹಾಕಿದ್ರೋ, ಇವತ್ತಿಗೂ ಗೊತ್ತಿಲ್ಲ!

ಆದ್ರೆ ವಿವಿಪ್ಯಾಟ್ ಚೀಟಿ? ಅದು ಗಾಜಿನ ಹಿಂದೆ 7 ಸೆಕೆಂಡ್ ಕಾಣುತ್ತೆ, ಕಣ್ಣಿದ್ದವರಿಗೆ. ವಾಪಸ್ ಬರ್ತಾ ಮಾವ ಕೇಳಿದ್ರು: "ಚೀಟೀಲಿ ನಾನು ಒತ್ತಿದ್ದೇ ಬಂತೇನೋ?"