ಮಾಳಿಗೆ ಕೆಡವುವ ಮುನ್ನ



ನಮ್ಮ ಸಲಗರೆಯ ಕಡೆ ಹಳೆಯ ಮನೆಯೆಂದರೆ ಮಣ್ಣಿನ ಮಾಳಿಗೆ, ಮರಾಠಿಯಲ್ಲಿ ಮಾಳವದ. ಮಳೆಗಾಲದಲ್ಲಿ ಸೋರುತ್ತದೆಂದು ಅದನ್ನು ಕೆಡವಿ ಪತ್ರಾ ಇಲ್ಲವೆ ಸ್ಲ್ಯಾಬ್ ಹಾಕಿಸುವವರು ಬಹಳ. ಸೋರುವುದು ನಿಲ್ಲುತ್ತದೆ, ನಿಜ. ಅದರೊಡನೆ ತಂಪೂ ಹೋಗುತ್ತದೆ. ದಪ್ಪ ಮಣ್ಣು ಬಿಸಿಲನ್ನು ಬೇಗ ಒಳಗೆ ಬಿಡದು. ತೆಳು ಪತ್ರಾ ಮುಂಜಾನೆಯೇ ಕಾಯುತ್ತದೆ. ಸ್ಲ್ಯಾಬ್ ಹಗಲು ಹೀರಿದ ಕಾವನ್ನು ರಾತ್ರಿ ಒಳಗೆ ಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ಅದರ ಕೆಳಗೆ ಮಲಗಬೇಕಾದವರು ಮನೆಯ ಹಿರಿಯರು, ಬಾಣಂತಿ, ಕೂಸು.

ಈಗ ಲೆಕ್ಕ ನೋಡೋಣ. ಹಳೆಯ ನಮೂನೆಯ 75 ವ್ಯಾಟಿನ ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಮಹಾರಾಷ್ಟ್ರದಲ್ಲಿ 100 ಯೂನಿಟ್ ದಾಟಿದರೆ ಮೇಲಿನ ಯೂನಿಟ್‌ಗೆ ದರ ಹೆಚ್ಚು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಅಷ್ಟೇ ತಾಸಿಗೆ 11 ಯೂನಿಟ್ ಸಾಕು. ಆದರೆ ಯಾವ ಫ್ಯಾನೂ ಕಾದ ಗಾಳಿಯನ್ನೇ ತಿರುಗಿಸುತ್ತದೆ, ಚಾವಣಿಯನ್ನು ತಣಿಸದು.

ಆದ್ದರಿಂದ ಗೌಂಡಿಯವರೊಡನೆ ಮೊದಲೇ ಮಾತಾಡಿ. ಮಣ್ಣಿನ ಗೋಡೆ ಗಟ್ಟಿಯಿದ್ದರೆ ಉಳಿಸಿಕೊಳ್ಳಿ. ಎದುರುಬದುರು ಕಿಟಕಿ ಇಡಿಸಿ. ಬಿಸಿ ಗಾಳಿ ಹೊರಹೋಗಲು ಮೇಲೆ ಗವಾಕ್ಷಿ ಬಿಡಿಸಿ. ಸ್ಲ್ಯಾಬಿನ ಮೇಲೆ ಪ್ರತಿ ಬೇಸಿಗೆಗೆ ಮುನ್ನ ಬಿಳಿ ಸುಣ್ಣ ಬಳಿಯಿರಿ. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಪತ್ರಾ ಅನಿವಾರ್ಯವಾದರೆ ಕೆಳಗೆ ಗೇಣು ಅಂತರ ಬಿಟ್ಟು ಒಳಚಾವಣಿ ಕೊಡಿಸಿ.

ಕೆಲಸ ನಡೆದಿರುವಾಗ ಇವೆಲ್ಲ ಸುಲಭ. ಗಿಲಾವು ಒಣಗಿದ ಮೇಲೆ ಗವಾಕ್ಷಿ ಬೇಕೆಂದರೆ ಹೊಸ ಗೋಡೆಯನ್ನೇ ಒಡೆಯಬೇಕಾದೀತು. ಫ್ಯಾನನ್ನು ಮುಂದಿನ ವರ್ಷವೂ ಬದಲಿಸಬಹುದು.